ತನ್ನನ್ನು ತಾನೇ ಒರೆಗೆ ಹಚ್ಚಿಕೊಳ್ಳುವ ಯಂತ್ರ

ಚಿನ್ನವನ್ನು ಒರೆಗಲ್ಲಿಗೆ ಹಚ್ಚಿ ನೋಡುವವನು ಅಕ್ಕಸಾಲಿ. ಎತ್ತಿನ ಬಾಯಿ ತೆರೆದು ಹಲ್ಲು ನೋಡಿ ವಯಸ್ಸು ಹೇಳುವವನು ಜಾತ್ರೆಗೆ ಬಂದ ರೈತ. ಪರೀಕ್ಷಿಸುವವನು ಬೇರೆ, ಪರೀಕ್ಷೆಗೆ ಒಳಗಾಗುವುದು ಬೇರೆ ಎಂಬುದು ಲೋಕದ ರೂಢಿ. ಈ ರೂಢಿಯನ್ನು ಮೀರಿ ತನ್ನ ಗುಣದೋಷಗಳನ್ನು ತಾನೇ ಅಳೆದು ಹೇಳುವ ಯಂತ್ರಗಳು ಈಗ ಮನೆಮನೆಯಲ್ಲಿವೆ. ಸುದ್ದಿಯನ್ನು ಸಾಗಿಸುವ ಯಂತ್ರಗಳಿಗೆ ಈ ಗುಣ ಯಾವಾಗ ಬಂದಿತು, ಏಕೆ ಬಂದಿತು, ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಏಕೆ ಬಂದಿತು ಎಂಬ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಹೇಳುವುದಾದರೆ, ಊರು ದೂರವಿದ್ದುದರಿಂದ ಬಂದಿತು. ನಮ್ಮ ಯಾದಗಿರಿಯ ಬಳಿಯ ಅಬ್ಬೆತುಮಕೂರಿನಂಥ ಹಳ್ಳಿಯನ್ನು ತೆಗೆದುಕೊಳ್ಳಿ. ಅಲ್ಲಿ ಒಂದು ಸುದ್ದಿಯಂತ್ರವನ್ನು ತಂದಿರಿಸುವುದು ಕಷ್ಟವಲ್ಲ. ಅದು ಕೆಟ್ಟಾಗ ದೋಷ ಎಲ್ಲಿದೆಯೆಂದು ಹೇಳಬಲ್ಲ ಮನುಷ್ಯನನ್ನು ಅಲ್ಲಿ ಇರಿಸುವುದು ಕಷ್ಟ. ತಜ್ಞನು ಬೆಂಗಳೂರಿನಲ್ಲಿ, ಯಂತ್ರ ಬಯಲುಸೀಮೆಯ ಬಿಸಿಲಿನಲ್ಲಿ. ಇವೆರಡರ ನಡುವಿನ ಹಾದಿಯೇ ನಮ್ಮ ಕಥೆಯ ಹಾದಿ.

೧೮೭೧ರಲ್ಲಿ ಮುಂಬಯಿ ಕಡೆಯಿಂದ ಬಂದ ಉಗಿಬಂಡಿಯ ಹಳಿ ಮತ್ತು ಮದರಾಸಿನ ಕಡೆಯಿಂದ ಬಂದ ಹಳಿ ರಾಯಚೂರಿನಲ್ಲಿ ಕೂಡಿಕೊಂಡವು. ಆ ದಾರಿಯಲ್ಲಿ ಯಾದಗಿರಿಯೂ ಒಂದು ನಿಲ್ದಾಣ. ಹಳಿ ಹೋದಲ್ಲೆಲ್ಲ ತಂತಿಯೂ ಹೋಯಿತು. ತಂತಿ ಮಾಸ್ತರನ ಕೈಬೆರಳು ಈ ಕಡೆ ಕಟಕಟಿಸಿದರೆ ಆ ಕಡೆಯ ಮಾಸ್ತರನ ಕಿವಿ ಅದನ್ನು ಅಕ್ಷರವಾಗಿ ಹಿಡಿಯುತ್ತಿತ್ತು. ಸುದ್ದಿ ಸರಿಯಾಗಿ ತಲುಪಿತೇ ಎಂಬ ಪರೀಕ್ಷೆಯನ್ನೂ ಮನುಷ್ಯರೇ ಮಾಡುತ್ತಿದ್ದರು. ಮುಖ್ಯವಾದ ಅಂಕಿಗಳನ್ನು ಪಡೆದವನು ಮರಳಿ ಒಪ್ಪಿಸಿದರೆ, ಕಳಿಸಿದವನು ತನ್ನ ಕಾಗದಕ್ಕೆ ತಾಳೆ ನೋಡುತ್ತಿದ್ದನು.

ತಂತಿಯೇ ಕೆಟ್ಟರೆ ಅದಕ್ಕೆ ಬೇರೆ ಉಪಾಯವಿತ್ತು. ದೂರದ ಊರಿನಲ್ಲಿ ಕೆಟ್ಟ ತಂತಿಯನ್ನೂ ಒಳ್ಳೆಯ ತಂತಿಯನ್ನೂ ಒಂದಕ್ಕೊಂದು ಕೂಡಿಸಿದರೆ ಹೋಗಿ ಬರುವ ಒಂದು ಕುಣಿಕೆಯಾಗುತ್ತದೆ. ಈ ತುದಿಯಲ್ಲಿ ಕುಳಿತವನು ಆ ಕುಣಿಕೆಯ ವಿದ್ಯುತ್ ತಡೆಯನ್ನು ಅಳೆದು, ಲೆಕ್ಕ ಹಾಕಿ, ತಂತಿ ನೆಲಕ್ಕೆ ತಾಗಿರುವುದು ಎಷ್ಟನೆಯ ಮೈಲಿಯಲ್ಲಿ ಎಂದು ಹೇಳಬಲ್ಲವನಾಗುತ್ತಿದ್ದನು. ಮರ್ರೆ ಮತ್ತು ವಾರ್ಲಿ ಎಂಬವರ ಹೆಸರಿನಲ್ಲಿ ನಡೆದು ಬಂದಿರುವ ಈ ಕುಣಿಕೆಯ ಪರೀಕ್ಷೆಗಳು ಹತ್ತೊಂಬತ್ತನೆಯ ಶತಮಾನದವು. ಕಳಿಸಿದ್ದು ಕಳಿಸಿದವನ ಬಳಿಗೇ ಮರಳಿ ಬರಲಿ, ಆಗ ನಡುವಿನ ಹಾದಿಯ ಗುಣ ತಿಳಿಯುತ್ತದೆ ಎಂಬ ಈ ವಿಚಾರವನ್ನು ಓದುಗರು ನೆನಪಿನಲ್ಲಿಡಬೇಕು. ತಂತಿ ವರ್ತಮಾನದ ಸೇವೆ ೨೦೧೩ರ ಜುಲೈ ತಿಂಗಳಲ್ಲಿ ನಮ್ಮ ದೇಶದಲ್ಲಿ ನಿಂತುಹೋಯಿತು. ಕುಣಿಕೆ ಮಾತ್ರ ಉಳಿಯಿತು.

ಇಪ್ಪತ್ತನೆಯ ಶತಮಾನದಲ್ಲಿ ದನಿಯು ಅಂಕಿಯಾಯಿತು. ಅಲೆಕ್ ರೀವ್ಸ್ ಎಂಬ ಇಂಗ್ಲಿಷ್ ಎಂಜಿನಿಯರು ೧೯೩೭ರಲ್ಲಿ ಪ್ಯಾರಿಸಿನಲ್ಲಿ ಕುಳಿತು, ಮಾತಿನ ಅಲೆಯನ್ನು ಕ್ಷಣಕ್ಷಣಕ್ಕೂ ಅಳೆದು ಆ ಅಳತೆಯನ್ನು ಸೊನ್ನೆ ಒಂದುಗಳ ರೂಪದಲ್ಲಿ ಕಳಿಸುವ ಉಪಾಯವನ್ನು ಕಂಡುಹಿಡಿದನು. ಈಗಿನ ರೂಢಿಯಂತೆ ದೂರವಾಣಿಯ ಮಾತನ್ನು ಸೆಕೆಂಡಿಗೆ ೮,೦೦೦ ಸಲ ಅಳೆಯುತ್ತಾರೆ. ಪ್ರತಿಯೊಂದು ಅಳತೆಗೂ ಎಂಟು ಬಿಟ್ಟುಗಳು. ಅಲ್ಲಿಗೆ ಒಬ್ಬರ ಮಾತಿಗೆ ಸೆಕೆಂಡಿಗೆ ೬೪,೦೦೦ ಬಿಟ್ಟುಗಳಾದವು. ಇಂಥ ಮೂವತ್ತು ಮಾತುಗಳನ್ನು, ಮೇಲೆ ಎರಡು ಮನೆಗಳಷ್ಟು ಗುರುತಿನ ಬಿಟ್ಟುಗಳನ್ನು ಒಟ್ಟಿಗೆ ಹೆಣೆದರೆ ಸೆಕೆಂಡಿಗೆ ೨೦,೪೮,೦೦೦ ಬಿಟ್ಟುಗಳ ಪ್ರವಾಹವಾಗುತ್ತದೆ.

ಈ ಹೊಸ ಕ್ರಮದಲ್ಲಿ ಒಂದು ಒಳಿತೂ ಒಂದು ಕೇಡೂ ಒಟ್ಟಿಗೆ ಬಂದವು. ಹಳೆಯ ರೇಡಿಯೋದಲ್ಲಿ ನಿಲಯ ದೂರವಾದರೆ ಗರಗರ ಸದ್ದು ಕೇಳುತ್ತದೆ; ಮೊದಲು ಸ್ವಲ್ಪ, ಆಮೇಲೆ ಹೆಚ್ಚು. ಕೆಡುಕು ಮುಂಚಿತವಾಗಿ ಕಿವಿಗೆ ಬೀಳುತ್ತದೆ. ಅಂಕಿಯ ಸುದ್ದಿಯಲ್ಲಿ ಹಾಗಿಲ್ಲ. ದಾರಿಯಲ್ಲಿ ಸೇರಿದ ಕಸವನ್ನು ನಡುನಡುವಿನ ಯಂತ್ರಗಳು ತೊಳೆದು ಹಾಕುವುದರಿಂದ ಕೊನೆಯವರೆಗೂ ದನಿ ಸ್ವಚ್ಛವಾಗಿರುತ್ತದೆ. ಆದರೆ ಮಂಡಲ ಸೊರಗುತ್ತ ಸೊರಗುತ್ತ ಒಂದು ಮಿತಿಯನ್ನು ದಾಟಿದೊಡನೆ ಎಲ್ಲವೂ ಒಮ್ಮೆಗೇ ಕುಸಿಯುತ್ತದೆ. ಕಿವಿಗೆ ಗೊತ್ತಾಗದ ಸೊರಗನ್ನು ಯಂತ್ರವೇ ಗೊತ್ತುಮಾಡಿಕೊಂಡು ಹೇಳಬೇಕಾಯಿತು.

ಇದಕ್ಕೆ ಮಾಡಿದ ಏರ್ಪಾಡು ಛಂದಸ್ಸನ್ನು ಪಾಠ ಹೇಳುವ ನನ್ನಂಥವನಿಗೆ ಹೊಸದಾಗಿ ಕಾಣಲಿಲ್ಲ. ಕಂದಪದ್ಯವನ್ನೇ ನೋಡಿ. ಒಂದನೆಯ ಮತ್ತು ಮೂರನೆಯ ಪಾದಗಳಲ್ಲಿ ೧೨ ಮಾತ್ರೆ, ಎರಡನೆಯ ಮತ್ತು ನಾಲ್ಕನೆಯ ಪಾದಗಳಲ್ಲಿ ೨೦ ಮಾತ್ರೆ, ಒಟ್ಟು ೬೪. ಇದರ ಮೇಲೆ ಎರಡನೆಯ ಅಕ್ಷರದ ಪ್ರಾಸ. ಓಲೆಗರಿಯಲ್ಲಿ ಪ್ರತಿ ಮಾಡುವವನು ಒಂದು ಅಕ್ಷರ ಬಿಟ್ಟರೆ ಮಾತ್ರೆಯ ಲೆಕ್ಕ ತಪ್ಪುತ್ತದೆ. ಮೂಲಪ್ರತಿ ನಮ್ಮ ಮುಂದೆ ಇಲ್ಲದಿದ್ದರೂ ಪದ್ಯವೇ ತನ್ನಲ್ಲಿ ತಪ್ಪಿದೆಯೆಂದು ಹೇಳುತ್ತದೆ. ಆದರೆ ಅವನು ಒಂದು ಲಘುವಿನ ಜಾಗದಲ್ಲಿ ಇನ್ನೊಂದು ಲಘುವನ್ನು ಬರೆದನೆನ್ನಿ. ಮಾತ್ರೆಯ ಲೆಕ್ಕ ಸರಿಯಾಗಿಯೇ ಇರುತ್ತದೆ, ತಪ್ಪು ಅಡಗಿ ಕುಳಿತುಕೊಳ್ಳುತ್ತದೆ. ರಿಚರ್ಡ್ ಹ್ಯಾಮಿಂಗ್ ಎಂಬ ಅಮೆರಿಕದ ಗಣಿತಜ್ಞನು ೧೯೫೦ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಸುದ್ದಿಯ ಬಿಟ್ಟುಗಳೊಂದಿಗೆ ಕೆಲವು ತಾಳೆಯ ಬಿಟ್ಟುಗಳನ್ನು ಸೇರಿಸಿ, ತಪ್ಪು ಇದೆಯೆಂಬುದನ್ನಷ್ಟೇ ಅಲ್ಲದೆ ಎಲ್ಲಿದೆಯೆಂಬುದನ್ನೂ ತಿಳಿಯುವ ಕ್ರಮವನ್ನು ತೋರಿಸಿಕೊಟ್ಟನು.

ಸುದ್ದಿಯನ್ನು ಹೀಗೆ ಕಾಯಬಹುದು. ಸುದ್ದಿಯನ್ನು ಕಳಿಸಿ ಪಡೆಯುವ ಮಂಡಲವನ್ನೇ ಪರೀಕ್ಷಿಸುವುದು ಹೇಗೆ? ಅದಕ್ಕೆ ಎಲ್ಲ ಬಗೆಯ ಗುರುಲಘು ವಿನ್ಯಾಸಗಳನ್ನೂ ಅದರ ಮೂಲಕ ಹಾಯಿಸಿ ನೋಡಬೇಕು. ಶಾಲೆಯಲ್ಲಿ ಕಲಿತ ‘ಯಮಾತಾರಾಜಭಾನಸಲಗಂ’ ಎಂಬ ಸೂತ್ರವನ್ನು ಓದುಗರು ಮರೆತಿರಲಾರರು. ಅದರ ಹತ್ತೇ ಅಕ್ಷರಗಳಲ್ಲಿ ಮೂರು ಮೂರನ್ನು ಒಂದೊಂದೇ ಅಕ್ಷರ ಸರಿಸುತ್ತ ಓದಿದರೆ ಎಂಟು ಗಣಗಳೂ ಒಂದೊಂದು ಸಲ ಬರುತ್ತವೆ. ಎಂಟು ಗಣಗಳನ್ನು ಬೇರೆ ಬೇರೆ ಬರೆಯಲು ೨೪ ಅಕ್ಷರ ಬೇಕಾದಲ್ಲಿ ಹತ್ತರಲ್ಲಿ ಕೆಲಸ ಮುಗಿಯಿತು. ಯಂತ್ರದಲ್ಲಿಯೂ ಇದೇ ಜಾಣ್ಮೆ.

ಮೂರು ಮನೆಗಳ ಒಂದು ಸಾಲನ್ನು ಕಲ್ಪಿಸಿಕೊಳ್ಳಿ. ಮೂರರಲ್ಲಿಯೂ ಗುರುವಿರಲಿ. ನಿಯಮವಿಷ್ಟೆ: ಸಾಲಿನ ಮೊದಲೆರಡು ಮನೆಗಳಲ್ಲಿರುವುದು ಒಂದೇ ಆದರೆ ಮುಂದೆ ಲಘುವನ್ನು ಬರೆಯಿರಿ, ಬೇರೆ ಬೇರೆಯಾದರೆ ಗುರುವನ್ನು ಬರೆಯಿರಿ, ಆಮೇಲೆ ಒಂದು ಮನೆ ಮುಂದಕ್ಕೆ ಸರಿಯಿರಿ. ಗುರು, ಗುರು, ಗುರು, ಲಘು, ಲಘು, ಗುರು, ಲಘು ಎಂದು ಬಂದು, ಮತ್ತೆ ಮೊದಲಿನಂತೆ ಮೂರು ಗುರುಗಳಾಗುತ್ತವೆ. ಮೂರು ಮೂರಾಗಿ ಓದಿ ನೋಡಿ: ಮ, ತ, ಭ, ಸ, ಜ, ರ, ಯ. ಏಳು ಗಣಗಳು ಬಂದವು. ಮೂರೂ ಲಘುವಾಗಿರುವ ನಗಣವೊಂದು ಮಾತ್ರ ಬರಲಿಲ್ಲ. ಅದು ಬಂದರೆ ಮುಂದೆ ಬರುವುದೆಲ್ಲ ಲಘುವೇ ಆಗಿ ಯಂತ್ರ ಅಲ್ಲಿಯೇ ನಿಂತುಬಿಡುತ್ತದೆ. ಏಳು ಮನೆಗಳ ಸಾಲಿನಿಂದ ೧೨೭ ಬಿಟ್ಟುಗಳ ಚಕ್ರವೂ, ಮೂವತ್ತೊಂದು ಮನೆಗಳ ಸಾಲಿನಿಂದ ೨೧೪ ಕೋಟಿ ೭೪ ಲಕ್ಷಕ್ಕೂ ಹೆಚ್ಚು ಬಿಟ್ಟುಗಳ ಚಕ್ರವೂ ಹುಟ್ಟುತ್ತವೆ. ನೋಡುವವನಿಗೆ ಅಡ್ಡಾದಿಡ್ಡಿ, ನಿಯಮ ಬಲ್ಲವನಿಗೆ ಮುಂದಿನ ಬಿಟ್ಟು ಯಾವುದೆಂದು ತಪ್ಪದೆ ಗೊತ್ತು. ಈ ಶಾಸ್ತ್ರವನ್ನು ಸಾಲಮನ್ ಗೊಲಂಬ್ ಎಂಬಾತನು ೧೯೬೭ರಲ್ಲಿ ಒಂದು ಗ್ರಂಥವಾಗಿ ಕ್ರೋಡೀಕರಿಸಿದನು.

ಪ್ರಶ್ನೆಪತ್ರಿಕೆಯೇನೋ ಸಿದ್ಧವಾಯಿತು. ಬರುವ ಕೋಟ್ಯಂತರ ಉತ್ತರಗಳನ್ನು ಇಟ್ಟುಕೊಂಡು ತಾಳೆ ನೋಡಲು ಜಾಗವೆಲ್ಲಿ? ಅದಕ್ಕೂ ಮನೆಗಳ ಸಾಲೇ ಸಾಕಾಯಿತು. ಉತ್ತರದ ಬಿಟ್ಟುಗಳನ್ನೆಲ್ಲ ಹದಿನಾರು ಮನೆಗಳ ಸಾಲಿನಲ್ಲಿ ಬೆರೆಸುತ್ತ ಹೋದರೆ ಕೊನೆಗೆ ಹದಿನಾರು ಬಿಟ್ಟುಗಳ ಒಂದು ‘ಸಹಿ’ ಉಳಿಯುತ್ತದೆ. ಒಳ್ಳೆಯ ಮಂಡಲದ ಸಹಿ ಯಾವುದೆಂದು ಮೊದಲೇ ಗೊತ್ತಿರುತ್ತದೆ. ಅದಕ್ಕೆ ಹೊಂದದಿದ್ದರೆ ದೋಷವಿದೆಯೆಂದು ಅರ್ಥ. ೧೯೭೭ರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆ ಈ ಸಹಿಯನ್ನು ಓದುವ ಉಪಕರಣವನ್ನು ಮಾರುಕಟ್ಟೆಗೆ ತಂದಿತು. ೧೯೭೯ರಲ್ಲಿ ಜರ್ಮನಿಯ ಕ್ಯೋನೆಮಾನ್, ಮುಖಾ, ತ್ಸ್ವೀಹೋಫ್ ಎಂಬ ಮೂವರು, ಪ್ರಶ್ನೆ ಹುಟ್ಟಿಸುವುದನ್ನೂ ಉತ್ತರದ ಸಹಿ ಮಾಡುವುದನ್ನೂ ಮಂಡಲದೊಳಗಿನ ಮನೆಗಳಿಂದಲೇ ಮಾಡಿಸುವ ಕ್ರಮವನ್ನು ತಿಳಿಸಿದರು. ಪರೀಕ್ಷಕನು ಹೀಗೆ ಯಂತ್ರದ ಹೊಟ್ಟೆಯೊಳಗೇ ಹೊಕ್ಕನು.

ಈ ವಿದ್ಯೆಯ ಬೆಳವಣಿಗೆಯಲ್ಲಿ, ಊರಿನವರು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರ ಪಾಲೂ ಇದೆ. ಅಲ್ಲಿ ಓದಿ ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾದ ಸುಧಾಕರ ರೆಡ್ಡಿಯವರು, ಸುಲಭವಾಗಿ ಪರೀಕ್ಷೆಗೆ ಒದಗುವಂತೆ ಮಂಡಲವನ್ನು ಮೊದಲೇ ರಚಿಸಬಹುದೆಂದು ೧೯೭೨ರ ಒಂದು ಲೇಖನದಲ್ಲಿ ತೋರಿಸಿದರು. ಅದೇ ಸಂಸ್ಥೆಯಲ್ಲಿ ಓದಿದ ವಿಶ್ವಾನಿ ಅಗ್ರವಾಲರು ಇಬ್ಬರು ಸಹಲೇಖಕರೊಡನೆ ೧೯೯೩ರಲ್ಲಿ ಬರೆದ ಸ್ವಪರೀಕ್ಷೆಯ ಪಾಠಲೇಖನಗಳು ಈ ವಿದ್ಯೆಗೆ ತೊಡಗುವವರಿಗೆ ಕೈದೀವಿಗೆಯಾದವು.

ಇನ್ನು ನಮ್ಮ ನಾಡಿನ ನೆಲಕ್ಕೆ ಬರೋಣ. ಕಿತ್ತೂರು ಎಂದೊಡನೆ ಕನ್ನಡಿಗರಿಗೆ ೧೮೨೪ನೆಯ ಇಸವಿ ಮತ್ತು ರಾಣಿ ಚೆನ್ನಮ್ಮ ನೆನಪಾಗುವುದು ಸಹಜ. ಅದೇ ಕಿತ್ತೂರಿನಲ್ಲಿ ೧೯೮೬ರ ಜುಲೈ ತಿಂಗಳಲ್ಲಿ ಸದ್ದಿಲ್ಲದೆ ಇನ್ನೊಂದು ಘಟನೆ ನಡೆಯಿತು. ಸಿ-ಡಾಟ್ ಎಂದು ಹೆಸರಾದ ಕೇಂದ್ರ ಸರ್ಕಾರದ ಸಂಸ್ಥೆ ರಚಿಸಿದ ಗ್ರಾಮೀಣ ಸ್ವಯಂಚಾಲಿತ ದೂರವಾಣಿ ವಿನಿಮಯ ಕೇಂದ್ರ ಅಲ್ಲಿ ಮೊತ್ತಮೊದಲಾಗಿ ಕೆಲಸ ಮಾಡತೊಡಗಿತು.

ಅದಕ್ಕೆ ಮುಂಚಿನ ಸ್ಥಿತಿಯನ್ನು ಸ್ವಲ್ಪ ನೆನೆಯಬೇಕು. ದೂರವಾಣಿಯ ಉಪಕರಣಗಳನ್ನು ತಯಾರಿಸಲು ೧೯೪೮ರಲ್ಲಿಯೇ ಬೆಂಗಳೂರಿನಲ್ಲಿ ಐ.ಟಿ.ಐ. ಕಾರ್ಖಾನೆ ಆರಂಭವಾಗಿತ್ತು. ಆದರೂ ದೂರವಾಣಿಗಾಗಿ ವರ್ಷಗಟ್ಟಲೆ ಕಾಯಬೇಕಾಗಿತ್ತು. ಹಳ್ಳಿಗಳ ಮಾತಂತೂ ದೂರವೇ ಉಳಿಯಿತು. ಪರದೇಶದ ವಿದ್ಯುನ್ಮಾನ ಕೇಂದ್ರಗಳು ದೊಡ್ಡ ನಗರಗಳಿಗೆಂದು ಮಾಡಿದವು. ಅವುಗಳಿಗೆ ತಂಪು ಕೊಠಡಿ ಬೇಕು, ತಪ್ಪದ ವಿದ್ಯುಚ್ಛಕ್ತಿ ಬೇಕು, ಬಳಿಯಲ್ಲೇ ತಜ್ಞರು ಬೇಕು. ೧೯೮೪ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಈ ಲೆಕ್ಕವನ್ನು ತಿರುವುಮುರುವು ಮಾಡಿತು. ಸ್ಯಾಮ್ ಪಿತ್ರೋಡಾ, ಜಿ. ಬಿ. ಮೀಮಾಂಸಿ, ಎಂ. ವಿ. ಪಿಟ್ಕೆ ಮೊದಲಾದವರ ಮುಂದಾಳುತನದಲ್ಲಿ ತರುಣ ಎಂಜಿನಿಯರುಗಳು ದೆಹಲಿ ಬೆಂಗಳೂರುಗಳಲ್ಲಿ ಕುಳಿತು ೧೨೮ ದ್ವಾರಗಳ ಒಂದು ಚಿಕ್ಕ ಕೇಂದ್ರವನ್ನು ರಚಿಸಿದರು. ಅದು ಒಂದು ಕಪಾಟಿನಷ್ಟು ಜಾಗದಲ್ಲಿ ಅಡಗುತ್ತಿತ್ತು. ತಂಪು ಯಂತ್ರವಿಲ್ಲದೆ, ಬಿಸಿಲು ಧೂಳುಗಳ ನಡುವೆ ನಡೆಯುತ್ತಿತ್ತು. ಮುಖ್ಯ ಭಾಗಗಳು ಜೋಡಿಯಾಗಿದ್ದವು. ಯಂತ್ರವು ತನ್ನ ಕಾರ್ಡುಗಳನ್ನು ತಾನೇ ಪರೀಕ್ಷಿಸುತ್ತ, ಒಂದರಲ್ಲಿ ದೋಷ ಕಂಡರೆ ಜೋಡಿಯದಕ್ಕೆ ಕೆಲಸ ಒಪ್ಪಿಸಿ, ಕೆಟ್ಟದ್ದು ಯಾವುದೆಂದು ತೋರಿಸುತ್ತಿತ್ತು. ಊರಿನಲ್ಲಿರುವವನಿಗೆ ಮಂಡಲಶಾಸ್ತ್ರ ಗೊತ್ತಿರಬೇಕಾದದ್ದಿಲ್ಲ. ಆ ಕಾರ್ಡನ್ನು ತೆಗೆದು ಬೇರೊಂದನ್ನು ಹಾಕಿದರಾಯಿತು. ತಜ್ಞನ ತಿಳಿವಳಿಕೆಯ ಒಂದು ಪಾಲು ಯಂತ್ರದೊಂದಿಗೆ ಹಳ್ಳಿಗೆ ಬಂದು ನೆಲೆಸಿತು. ಕಿತ್ತೂರಿನ ಘಟನೆಯ ಮಹತ್ವ ಇರುವುದು ಇಲ್ಲಿ.

ಆಮೇಲಿನ ಕಥೆ ವೇಗದ ಕಥೆ. ಕಿತ್ತೂರಿನ ಕಾಲದಲ್ಲಿ ಸೆಕೆಂಡಿಗೆ ಇಪ್ಪತ್ತು ಲಕ್ಷ ಬಿಟ್ಟುಗಳೆಂದರೆ ದೊಡ್ಡ ಮಾತು. ಇಂದು ಒಂದೇ ಜೋಡಿ ತಂತಿಯ ಮೇಲೆ ಸೆಕೆಂಡಿಗೆ ಸಾವಿರ ಕೋಟಿ ಬಿಟ್ಟುಗಳನ್ನು ಕಳಿಸಿ ಪಡೆಯುವ ಮಂಡಲಗಳು ಸಾಮಾನ್ಯವಾಗಿವೆ. ಕಳಿಸುವ ಪಡೆಯುವ ಎರಡು ಕೆಲಸಗಳನ್ನೂ ಮಾಡುವುದರಿಂದ ಇವಕ್ಕೆ ಟ್ರಾನ್ಸೀವರ್ ಎಂದು ಹೆಸರು. ಆ ವೇಗದಲ್ಲಿ ಒಂದು ಬಿಟ್ಟು ಬಾಳುವುದು ಸೆಕೆಂಡಿನ ಸಾವಿರ ಕೋಟಿಯಲ್ಲಿ ಒಂದು ಪಾಲಿನ ಕಾಲ. ಅಷ್ಟರಲ್ಲಿ ಸಂಕೇತವು ಮಂಡಲದ ಹಲಗೆಯ ಮೇಲೆ ಸುಮಾರು ಒಂದೂವರೆ ಸೆಂಟಿಮೀಟರು ಸಾಗುತ್ತದೆ. ಹೊರಗಿನಿಂದ ಅಳೆಯುವ ಕಡ್ಡಿಯನ್ನು ತಾಗಿಸಿದರೆ ಆ ತಾಗುವಿಕೆಯೇ ಸಂಕೇತವನ್ನು ಕೆಡಿಸುತ್ತದೆ.

ಪರೀಕ್ಷೆಯ ಸಾಧನವೇ ಪರೀಕ್ಷೆಯನ್ನು ಕೆಡಿಸುವ ಈ ತೊಡಕು ಬೆಂಗಳೂರಿಗೆ ಬೇರೊಂದು ರೂಪದಲ್ಲಿ ಮೊದಲೇ ಎದುರಾಗಿತ್ತು. ೧೯೮೧ರ ಜೂನ್ ೧೯ರಂದು ಹಾರಿದ ಆಪಲ್ ಎಂಬ ಸಂಪರ್ಕ ಉಪಗ್ರಹದ ಆಂಟೆನಾವನ್ನು ಬಯಲಿನಲ್ಲಿ ಪರೀಕ್ಷಿಸಬೇಕಾದಾಗ, ಲೋಹದ ಬಂಡಿಯ ಮೇಲಿಟ್ಟರೆ ಅಲೆಗಳು ಕೆಡುತ್ತವೆಂದು ನಮ್ಮ ವಿಜ್ಞಾನಿಗಳು ಅದನ್ನು ಮರದ ಎತ್ತಿನ ಬಂಡಿಯ ಮೇಲೆ ಕೂರಿಸಿದರು. ಆ ಚಿತ್ರವನ್ನು ನೋಡಿ ನಕ್ಕವರುಂಟು. ಆದರೆ ಅದು ಬಡತನದ ಚಿತ್ರವಲ್ಲ, ವಿವೇಕದ ಚಿತ್ರ.

ವೇಗದ ಮಂಡಲಕ್ಕೆ ಎತ್ತಿನ ಬಂಡಿ ಒದಗದು. ಆದುದರಿಂದ ಪರೀಕ್ಷಕನನ್ನು ಚಿಪ್ಪಿನೊಳಗೇ ಕೂರಿಸಬೇಕಾಯಿತು. ಒಳಗಿನ ಮನೆಗಳ ಸಾಲು ಬಿಟ್ಟುಗಳ ಚಕ್ರವನ್ನು ಹುಟ್ಟಿಸುತ್ತದೆ. ಪ್ರೇಷಕವು ಅದನ್ನು ಕಳಿಸುತ್ತದೆ. ಹಳೆಯ ತಂತಿ ಮಾಸ್ತರನ ಕುಣಿಕೆಯಂತೆಯೇ ಅದು ತಿರುಗಿ ಅದೇ ಚಿಪ್ಪಿನ ಗ್ರಾಹಕಕ್ಕೆ ಬರುತ್ತದೆ. ಅಲ್ಲಿ ಅದೇ ನಿಯಮ ಬಲ್ಲ ಇನ್ನೊಂದು ಸಾಲು ಬಂದ ಒಂದೊಂದು ಬಿಟ್ಟನ್ನೂ ತಾಳೆ ನೋಡಿ ತಪ್ಪುಗಳನ್ನು ಎಣಿಸುತ್ತದೆ. ಲಕ್ಷ ಕೋಟಿ ಬಿಟ್ಟುಗಳಲ್ಲಿ ಒಂದಕ್ಕಿಂತ ಹೆಚ್ಚು ತಪ್ಪಬಾರದು ಎಂಬುದು ಇಂಥ ಮಂಡಲಗಳಿಗೆ ಇಟ್ಟಿರುವ ರೂಢಿಯ ಮಿತಿ. ಸೆಕೆಂಡಿಗೆ ಸಾವಿರ ಕೋಟಿಯ ವೇಗದಲ್ಲಿಯೂ ಲಕ್ಷ ಕೋಟಿ ಬಿಟ್ಟುಗಳನ್ನು ಹಾಯಿಸಲು ನೂರು ಸೆಕೆಂಡು ಬೇಕು. ನೂರಕ್ಕೆ ತೊಂಬತ್ತೈದರ ಭರವಸೆಯಿಂದ ಹೇಳಬೇಕಾದರೆ ಅದರ ಮೂರು ಪಟ್ಟು, ಎಂದರೆ ಐದು ನಿಮಿಷ, ಒಂದೂ ತಪ್ಪಿಲ್ಲದೆ ನಡೆಯಬೇಕು. ಲಕ್ಷಗಟ್ಟಲೆ ಚಿಪ್ಪುಗಳನ್ನು ಮಾಡುವ ಕಾರ್ಖಾನೆಗೆ ಅಷ್ಟು ವ್ಯವಧಾನವಿಲ್ಲ. ಆದ್ದರಿಂದ ಬೇಕೆಂದೇ ಸಂಕೇತವನ್ನು ಅಷ್ಟಿಷ್ಟು ಅಲುಗಿಸಿ, ಸೊರಗಿಸಿ, ಬಿಟ್ಟನ್ನು ಓದುವ ಗಳಿಗೆಯನ್ನು ಹಿಂದುಮುಂದು ಸರಿಸಿ, ಎಷ್ಟರವರೆಗೆ ತಡೆದೀತು ಎಂದು ನೋಡುತ್ತಾರೆ. ೧೯೯೦ರಲ್ಲಿ ಹಲಗೆಯ ಮೇಲಿನ ಚಿಪ್ಪುಗಳ ಸಂಬಂಧವನ್ನು ಒಳಗಿನಿಂದಲೇ ಪರೀಕ್ಷಿಸುವ ಅಂತರರಾಷ್ಟ್ರೀಯ ನಿಯಮವೂ, ೨೦೦೩ರಲ್ಲಿ ವೇಗದ ಜೋಡಿ ತಂತಿಗಳಿಗೆಂದೇ ಅದರ ಮುಂದುವರಿಕೆಯೂ ಬಂದವು. ೧೯೮೫ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ ಬೆಂಗಳೂರಿನಲ್ಲಿ ನೆಲೆಯೂರಿದ ಮೇಲೆ ಚಿಪ್ಪುಗಳ ರಚನೆಯ ಕೆಲಸ ಆ ನಗರದಲ್ಲಿ ಬಲಿಯಿತು; ಈ ಒಳಪರೀಕ್ಷಕರನ್ನು ಹೆಣೆಯುವ ಕೈಗಳಲ್ಲಿ ಕನ್ನಡಿಗರವೂ ಸೇರಿದವು.

ಹಾಗಾದರೆ ಯಂತ್ರವು ತನಗೆ ತಾನೇ ಕೊಟ್ಟುಕೊಂಡ ಪ್ರಶಸ್ತಿಪತ್ರವನ್ನು ಪೂರ್ತಿ ನಂಬಬಹುದೆ? ಇಲ್ಲಿ ಎಚ್ಚರ ಬೇಕು. ಹದಿನಾರು ಬಿಟ್ಟುಗಳ ಸಹಿಯಲ್ಲಿ ದೋಷವು ಒಳ್ಳೆಯ ಸಹಿಯನ್ನೇ ಹಾಕಿ ತಪ್ಪಿಸಿಕೊಳ್ಳುವ ಸಂಭವ ೬೫,೫೩೬ರಲ್ಲಿ ಒಂದು. ಲಘುವಿಗೆ ಲಘು ಬಂದು ಮಾತ್ರೆ ಸರಿಯಾದಂತೆ. ಇದು ಚಿಕ್ಕ ಮಾತು. ದೊಡ್ಡದು ಬೇರೆ ಇದೆ. ಒಂದೇ ಚಿಪ್ಪಿನ ಪ್ರೇಷಕ ಗ್ರಾಹಕಗಳು ಒಂದೇ ಗಡಿಯಾರದಿಂದ ನಡೆಯುವಾಗ ಆ ಗಡಿಯಾರದ ತಪ್ಪು ಇಬ್ಬರಿಗೂ ಕಾಣುವುದಿಲ್ಲ. ಪ್ರೇಷಕ ಬಲವಾಗಿದ್ದರೆ ಗ್ರಾಹಕದ ಬಲಹೀನತೆ ಮುಚ್ಚಿಹೋಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಕುಣಿಕೆಯು ಚಿಪ್ಪಿನೊಳಗೇ ತಿರುಗಿದರೆ ಹೊರಗಿನ ತಂತಿಯ ಪರೀಕ್ಷೆಯೇ ಆಗುವುದಿಲ್ಲ. ವಿದ್ಯಾರ್ಥಿಯು ತನ್ನ ಉತ್ತರಪತ್ರಿಕೆಯನ್ನು ತಾನೇ ತಿದ್ದಿಕೊಂಡರೆ ಏನಾಗುವುದೋ ಅದೇ ಇಲ್ಲಿಯೂ ಆಗುತ್ತದೆ. ಆದುದರಿಂದಲೇ ಕುಣಿಕೆಯನ್ನು ಒಳಗೆ ಒಮ್ಮೆ, ಹೊರಬಾಗಿಲಲ್ಲಿ ಒಮ್ಮೆ, ದೂರದ ತುದಿಯಲ್ಲಿ ಒಮ್ಮೆ ಹಾಕಿ, ಮೂರರ ಉತ್ತರಗಳನ್ನೂ ಕೂಡಿಸಿ ನೋಡಬೇಕೆನ್ನುತ್ತಾರೆ ತಿಳಿದವರು.

ಈ ಎಚ್ಚರ ಎಂಜಿನಿಯರುಗಳಿಗೆ ಮಾತ್ರ ಸೇರಿದ್ದಲ್ಲ. ಗ್ರಾಮ ಪಂಚಾಯಿತಿಗಳಿಗೆ ಗಾಜಿನೆಳೆಯ ಸಂಪರ್ಕ ಕೊಡುವ ಯೋಜನೆಗೆ ೨೦೧೧ರಲ್ಲಿ ಒಪ್ಪಿಗೆ ದೊರೆಯಿತು. ಮುಂದೆ ಅದಕ್ಕೆ ಭಾರತ್‌ನೆಟ್ ಎಂದು ಹೆಸರಾಯಿತು. ಅದರಲ್ಲಿ ಬಳಕೆಗೆ ಬಂದ ಕ್ರಮದಂತೆ ಹಳ್ಳಿಯ ಕಡೆಗೆ ಸೆಕೆಂಡಿಗೆ ೨೪೮ ಕೋಟಿ ೮೩ ಲಕ್ಷ ಬಿಟ್ಟುಗಳು ಬರುತ್ತವೆ. ಕಿತ್ತೂರಿನ ಕೇಂದ್ರವನ್ನು ರಚಿಸಿದ ಸಿ-ಡಾಟ್ ಇದಕ್ಕೂ ಉಪಕರಣಗಳನ್ನು ರಚಿಸಿತು. ಗೋಡೆಯ ಮೇಲಿನ ಆ ಪೆಟ್ಟಿಗೆ ಬೆಳಕು ಬಾರದಿದ್ದರೆ ಕೆಂಪು ದೀಪ ತೋರಿಸುತ್ತದೆ. ದೋಷ ಪೆಟ್ಟಿಗೆಯಲ್ಲಿದೆಯೋ ದಾರಿಯಲ್ಲಿದೆಯೋ ಎಂಬುದರ ಸುಳಿವನ್ನೂ ಕೊಡುತ್ತದೆ. ಆದರೆ ಹೊಲದ ಬದುವಿನಲ್ಲಿ ನೆಲ ಅಗೆಯುವಾಗ ಎಳೆ ತುಂಡಾದರೆ ಅದನ್ನು ಬೆಸೆಯಲು ಪೆಟ್ಟಿಗೆಗೆ ಕೈಗಳಿಲ್ಲ.

ಹಳ್ಳಿಯಲ್ಲಿ ಇಂದು ಪಡಿತರ ಅಂಗಡಿಯ ಬೆರಳಚ್ಚು, ರೈತನ ಪಹಣಿ, ಮಕ್ಕಳ ಪರೀಕ್ಷೆಯ ಫಲಿತಾಂಶ ಎಲ್ಲವೂ ಇಂಥ ಸಂಪರ್ಕವನ್ನು ನೆಚ್ಚಿಕೊಂಡಿವೆ. ಸಂಪರ್ಕ ಕಡಿದಾಗ ಸರತಿಯಲ್ಲಿ ನಿಂತ ಮುದುಕಿಗೆ ‘ನೆಟ್‌ವರ್ಕ್ ಇಲ್ಲವ್ವ, ನಾಳೆ ಬಾ’ ಎಂದು ಹೇಳಿ ಕಳಿಸುತ್ತಾರೆ. ಆಕೆಗೆ ಆ ದಿನದ ಕೂಲಿಯೂ ಹೋಯಿತು, ಅಕ್ಕಿಯೂ ದೊರೆಯಲಿಲ್ಲ. ಯಂತ್ರವು ತನ್ನ ದೋಷವನ್ನು ಎಂದೋ ಹೇಳಿಯಾಗಿರಬಹುದು. ಹೇಳಿದ್ದನ್ನು ಓದಿ, ಏಣಿಯನ್ನೂ ಬೆಸೆಯುವ ಉಪಕರಣವನ್ನೂ ಹೊತ್ತು ಬರುವ ಮನುಷ್ಯನಿಲ್ಲದಿದ್ದರೆ ಆ ಹೇಳಿಕೆಯಿಂದ ಯಾರಿಗೂ ಪ್ರಯೋಜನವಿಲ್ಲ.

ಕಿತ್ತೂರಿನ ಯಂತ್ರವನ್ನು ರಚಿಸಿದವರು ಹಳ್ಳಿಯವನ ಕೈಯನ್ನು ತೆಗೆದುಹಾಕಲಿಲ್ಲ. ಅವನ ಕೈಗೆ ನಿಲುಕುವಷ್ಟು ಕೆಲಸವನ್ನು ಸುಲಭ ಮಾಡಿದರು. ಕಾರ್ಡು ಬದಲಿಸುವವನು ಅಲ್ಲಿದ್ದನು, ಬದಲಿಸಲು ಕಾರ್ಡೂ ಇರಬೇಕಾಗಿತ್ತು. ಆ ಏರ್ಪಾಡಿನ ಎರಡು ಭಾಗಗಳಲ್ಲಿ ಮೊದಲನೆಯದಾದ ಸ್ವಪರೀಕ್ಷೆ ಈಗ ಬೆರಳಗಲದ ಚಿಪ್ಪಿನಲ್ಲಿ ಸೇರುವಷ್ಟು ಬೆಳೆದಿದೆ. ಎರಡನೆಯದನ್ನು ಯಾದಗಿರಿ, ಶಹಾಪುರ, ಸುರಪುರಗಳ ಹಳ್ಳಿಗಳಲ್ಲಿ ಬೆಳೆಸುವುದು ಚಿಪ್ಪಿನ ಕೆಲಸವಲ್ಲ. ಅದು ತರುಣರಿಗೆ ಈ ವಿದ್ಯೆಯನ್ನು ಅವರ ನುಡಿಯಲ್ಲಿ ಕಲಿಸಬೇಕಾದ ನಮ್ಮ ಶಾಲೆಗಳ, ಕಲಿತವರಿಗೆ ಊರಿನಲ್ಲಿಯೇ ಕೆಲಸ ಕೊಡಬೇಕಾದ ಆಡಳಿತದ ಕೆಲಸ.